ನನ್ನ ಸೈಟಿಗೆ ಬಿದ್ದ ಆಂಜನೇಯ

ನಮ್ಮ ಲೇಔಟಿನ ಸಾವ್ಕಾರ್ರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ಆ ಮನುಷ್ಯನ ಬಗ್ಗೆ ಒಂದೂ ಒಳ್ಳೆಯ ಮಾತು ಸಿಗುವುದಿಲ್ಲ, ಹುಡುಕಿಕೊಂಡು ಓದುವವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದವಳು. ಮೊದಲು ಜಗಳೂರು ಕಡೆ, ಆಮೇಲೆ ಹೊನ್ನಾಳಿ, ನ್ಯಾಮತಿ, ಕಡೆಗೆ ಚನ್ನಗಿರಿ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ಈ ಮೂವತ್ತು ವರ್ಷದಲ್ಲಿ ನನ್ನದು ಎನ್ನುವ ಒಂದು ಬಾಗಿಲು ಇರಲಿಲ್ಲ. ಜಗಳೂರಿನ ಕ್ವಾರ್ಟರ್ಸಿನಲ್ಲಿ ಬೇಸಿಗೆ ಬಂದರೆ ಎರಡು ಕೊಡ ನೀರಿಗಾಗಿ ಟ್ಯಾಂಕರ್ ಹಿಂದೆ ಓಡುತ್ತಿದ್ದೆ. ಹೊನ್ನಾಳಿಯಲ್ಲಿ ಮಳೆ ಬಂದರೆ ಮಂಚವನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆಯುತ್ತಿದ್ದೆ. ನ್ಯಾಮತಿಯ ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದೆನೆಂದು ಓನರಮ್ಮ ಮೂರು ದಿನ ಮಾತು ಬಿಟ್ಟಿದ್ದಳು. ಎಲ್ಲ ಊರಲ್ಲೂ ಮನೆ ಕೊಡುವ ಮೊದಲು, ಒಬ್ಬರೇ ಇರುತ್ತೀರಾ, ಯಾರು ಯಾರು ಬಂದು ಹೋಗುತ್ತಾರೆ ಎಂದು ಕೇಳಿದ್ದಾರೆ. ಆ ಪ್ರಶ್ನೆ ಕೇಳಿದ ಒಬ್ಬೊಬ್ಬರ ಮುಖವೂ ನನಗೆ ನೆನಪಿದೆ. ಅವರ ಮನೆಯಲ್ಲೇ ಹೆರಿಗೆ ಮಾಡಿಸಿ, ಕೈ ತೊಳೆದುಕೊಂಡು ಬಂದವಳು ನಾನು.

ಚನ್ನಗಿರಿಯ ಅಂಚಿನಲ್ಲಿ, ಕೆರೆಬಿಳಚಿ ರಸ್ತೆಯ ಕಡೆ ಒಂದು ಹೊಸ ಲೇಔಟ್ ಆದಾಗ ಸೈಟು ಕೊಂಡೆ. ಪಕ್ಕದ ಮನೆ ಸಾವ್ಕಾರ್ರದು. ಅವರದು ಅಡಿಕೆ ವ್ಯಾಪಾರ. ಹಸಿ ಅಡಿಕೆ ಕೊಂಡು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವವರು. ಒಣಗಿಸಲು ಕಣ ಬೇಕಲ್ಲ, ನನ್ನ ಸೈಟು ಕಣವಾಯಿತು. ನನ್ನನ್ನು ಕೇಳಲಿಲ್ಲ. ಒಂದು ದಿನ ನೋಡಲು ಹೋದಾಗ ನಾಲ್ಕು ಮೂಲೆಗೂ ಟಾರ್ಪಲ್ ಹಾಸಿ ಅಡಿಕೆ ಹರವಿತ್ತು.

"ಖಾಲಿ ಬಿದ್ದೈತಲ್ಲ ಸಿಸ್ಟರ್, ಅದ್ಕೆ ಹಾಕೀವಿ," ಎಂದರು. ನನಗೇ ಉಪಕಾರ ಮಾಡಿದ ಧಾಟಿ.

ಹೀಗೆ ಆರು ವರ್ಷ. ಅಡಿಕೆ ಬೇಯಿಸಿದ ನೀರು ಹರಿದು ನನ್ನ ಮಣ್ಣು ಕೆಂಪಗಾಗಿತ್ತು. ರಿಟೈರ್ ಆಗುವ ವರ್ಷ, ಮನೆ ಕಟ್ಟುತ್ತೇನೆ, ಸೈಟು ಬಿಡಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಬ್ರಿಗೆ ಅಷ್ಟು ದೊಡ್ಡ ಮನೆ ಯಾಕ್ರಿ ಸಿಸ್ಟರ್?" ಎಂದರು. ಮೈಯೆಲ್ಲ ಉರಿಯಿತು. ಎರಡು ಕೋಣೆಯ ಮನೆ ಅದು. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದೆ.

ಶುಕ್ರವಾರ ಗುದ್ದಲಿ ಪೂಜೆ. ಮೇಸ್ತ್ರಿ ಹಿಂದಿನ ದಿನವೇ ಬಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದ. ಇದು ನಡುಮನೆ, ಇದು ಮಲಗುವ ಕೋಣೆ, ಇದು ಅಡುಗೆಮನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅಡುಗೆಮನೆಯ ಗೆರೆಯೊಳಗೆ ನಿಂತುಕೊಂಡೆ. ಬಿಸಿಲು ಎಲ್ಲಿಂದ ಬರುತ್ತದೆ ನೋಡಿದೆ. ಕಿಟಕಿ ಅಲ್ಲೇ ಬರಬೇಕಿತ್ತು. ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅರ್ಧ ಸೈಟಿನಲ್ಲಿ ಇನ್ನೂ ಅಡಿಕೆ ಇತ್ತು. ಸಾವ್ಕಾರ್ರು ತಮ್ಮ ಗೇಟಿನಲ್ಲಿ ಹಲ್ಲುಜ್ಜುತ್ತಾ ನಿಂತಿದ್ದರು.

"ಅಯ್ನೋರು ಬರೋ ಹೊತ್ತಿಗೆ ಎತ್ತಿಸ್ತೀನಿ ಬಿಡ್ರಿ," ಎಂದರು.

ಅಷ್ಟರಲ್ಲಿ ಮಂಗಗಳು ಬಂದವು. ನಮ್ಮ ಲೇಔಟಿನ ಮಂಗಗಳ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಶನಿವಾರ ಬಂದರೆ ಅವು ಆಂಜನೇಯ. ಹೆಂಗಸರು ಬಾಳೆಹಣ್ಣು ಇಟ್ಟು ಕೈಮುಗಿಯುತ್ತಾರೆ. ಭಾನುವಾರ ಅವೇ ಹಂಚು ಒಡೆಯುವ ಕಳ್ಳ ಮುಂಡೇವು. ಕಲ್ಲು, ಕವಣೆ, ಪಟಾಕಿ. ದಿನಕ್ಕೆ ಎರಡು ಸಲವಾದರೂ ಯಾರದೋ ಮನೆಯಿಂದ ಪಟಾಕಿ ಸದ್ದು ಕೇಳಿಸುತ್ತಿತ್ತು. ದೀಪಾವಳಿಯಲ್ಲಿ ಉಳಿದದ್ದನ್ನು ಇದಕ್ಕೆಂದೇ ಎತ್ತಿಡುತ್ತಿದ್ದರು.

ಆ ದಿನ ಏಳೆಂಟು ಮಂಗ ಸಾವ್ಕಾರ್ರ ಕಾಂಪೌಂಡಿನಿಂದ ನೇರವಾಗಿ ನನ್ನ ಪೂಜೆಯ ಬುಟ್ಟಿಗೆ ಹಾರಿದವು. ಬಾಳೆಹಣ್ಣಿನ ಚಿಪ್ಪು ಹೋಯಿತು, ಹೂವು ಚೆಲ್ಲಿತು, ತೆಂಗಿನಕಾಯಿ ಉರುಳಿಕೊಂಡು ಹೋಯಿತು. ನಾನು ಜೋರಾಗಿ ಕೂಗಿದೆ, "ನೋಡ್ತಾ ನಿಂತೀರಲ್ಲ ಸಾವ್ಕಾರ್ರೆ, ಓಡಿಸ್ರಿ ಅವನ್ನ."

ಅವರು ಒಳಗೆ ಹೋಗಿ ಪಟಾಕಿ ಸರ ತಂದರು. ಊದುಬತ್ತಿಯಿಂದ ಹಚ್ಚಿ, ಮಂಗಗಳ ನಡುವೆ ಎಸೆದರು. ಎಲ್ಲವೂ ದಿಕ್ಕೆಟ್ಟು ಓಡಿದವು. ಒಂದು ಹೆಣ್ಣು ಮಾತ್ರ ಪಕ್ಕದ ಟ್ರಾನ್ಸ್‌ಫಾರ್ಮರ್ ಕಂಬ ಹತ್ತಿತು. ಅದರ ಮರಿ ಆಗಲೇ ಕಾಂಪೌಂಡಿನ ಆಚೆ ಹೋಗಿತ್ತು, ಅದನ್ನು ಹುಡುಕುತ್ತಾ ತಿರುಗಿತೋ ಏನೋ, ಕೈ ತಂತಿಗೆ ತಗುಲಿತು. ಒಂದೇ ಒಂದು ಸದ್ದು. ಅಲ್ಲಿಂದ ಕೆಳಗೆ, ನನ್ನ ಸುಣ್ಣದ ಗೆರೆಯೊಳಗೆ, ಅಡುಗೆಮನೆಗೆ ಬಿತ್ತು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಅದನ್ನು ಮಾಡಿದ್ದು ತಲೆಯಲ್ಲ, ಕೈ. ಓಡಿ ಹೋಗಿ ಕೂತೆ. ಎದೆ ಮುಟ್ಟಿದೆ, ಬಡಿತ ಇರಲಿಲ್ಲ. ಎರಡು ಬೆರಳಿಟ್ಟು ಒತ್ತಿದೆ, ಹಸುಗೂಸಿಗೆ ಒತ್ತುವ ಹಾಗೆ. ಒಮ್ಮೆ ಬಾಯಿ ತೆರೆಯಿತು. ಬಾಟಲಿಯಿಂದ ಎರಡು ಹನಿ ನೀರು ಬಿಟ್ಟೆ. ಕೆಳಗಿಳಿಯಲಿಲ್ಲ, ಕಟವಾಯಿಂದ ಹರಿದು ಹೋಯಿತು. ಕಣ್ಣು ತೆರೆದೇ ಇತ್ತು, ಮುಚ್ಚಿದೆ. ಮೇಸ್ತ್ರಿಗೆ ಕೊಡಲೆಂದು ತಂದಿದ್ದ ಹೊಸ ಟವೆಲ್ ತೆಗೆದು ಹೊದಿಸಿದೆ. ಎಷ್ಟೋ ಮನೆಗಳಲ್ಲಿ ಎಷ್ಟೋ ಜನರಿಗೆ ಮಾಡಿದ ಕೆಲಸ, ಯೋಚಿಸುವಂಥದ್ದು ಅದರಲ್ಲೇನೂ ಇರಲಿಲ್ಲ.

ತಲೆ ಎತ್ತಿ ನೋಡಿದಾಗ ಸುತ್ತಲೂ ಜನ ನಿಂತಿದ್ದರು. ಎಲ್ಲರಿಗಿಂತ ಮೊದಲು ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿದವರು ಸಾವ್ಕಾರ್ರು. ಪಟಾಕಿಯ ವಾಸನೆ ಇನ್ನೂ ಅವರ ಬೆರಳಲ್ಲಿ ಇದ್ದಿರಬೇಕು.

"ಸಾಕ್ಷಾತ್ ಆಂಜನೇಯ ಬಂದು ಬಿದ್ದಾನೆ," ಎಂದರು. "ಗುದ್ದಲಿ ಪೂಜೆ ದಿನಾನೇ. ಜಾಗ ಕೇಳ್ತಾ ಇದಾನೆ."

"ಹೆಣ್ಣು ಅದು," ಎಂದೆ.

"ದೇವ್ರಿಗೆ ಹೆಣ್ಣು ಗಂಡು ಅಂತ ಐತೇನ್ರಿ?"

ಲೇಔಟಿಗೆ ಹಿರಿಯರೆಂದರೆ ಒಬ್ಬ ರಿಟೈರ್ಡ್ ಮೇಷ್ಟ್ರು. ಯಾರ ಮನೆಯಲ್ಲಿ ಏನೇ ಆದರೂ ರೀತಿ ರಿವಾಜು ಅವರನ್ನೇ ಕೇಳುವುದು. ಅವರು ಬಗ್ಗಿ ಟವೆಲ್ ಸರಿಸಿ ನೋಡಿದರು. "ಮಂಗ ಎಲ್ಲಿ ಪ್ರಾಣ ಬಿಡ್ತೈತೋ ಅಲ್ಲೇ ಮಣ್ಣು ಮಾಡ್ಬೇಕು. ನಮ್ಮ ಕಡೆ ಹಂಗೇ ನಡ್ಕಂಡು ಬಂದೈತೆ," ಎಂದರು.

"ಇದು ನನ್ನ ಮನೆ ಕಟ್ಟೋ ಜಾಗ ಸರ್. ಬೇರೆ ಕಡೆ ಒಯ್ರಿ."

"ಬೇರೆಯವ್ರು ಯಾರಾದ್ರೂ ಮುಟ್ಟಿದ್ರೆ ಆ ಮಾತು ಬೇರೆ ಇತ್ತಮ್ಮ. ಬಾಯಿಗೆ ನೀರು ಬಿಟ್ಟೋರು ನೀವು, ಕಣ್ಣು ಮುಚ್ಚಿದೋರು ನೀವು, ಹೊಸಬಟ್ಟೆ ಹೊದಿಸಿದೋರೂ ನೀವೇ. ಸತ್ತೋರಿಗೆ ನೀರು ಬಿಟ್ಟೋರು ಮನೆಯೋರು ಆಗ್ತಾರೆ. ಒಪ್ಕಂಡಂಗೇ ಆತಲ್ಲ."

ನನ್ನ ಕೈಯಲ್ಲಿ ಇನ್ನೂ ಬಾಟಲಿ ಇತ್ತು. ಮುಚ್ಚಳ ಕೂಡ ಹಾಕಿರಲಿಲ್ಲ.

ಪೂಜೆಗೆ ಬಂದ ಅಯ್ನೋರು ಅದೇ ಪೂಜೆ ಸಾಮಾನಿನಲ್ಲಿ ಮಂಗನ ಕೆಲಸ ಮುಗಿಸಿದರು. ಪಾಯಕ್ಕೆಂದು ತಂದ ಗುದ್ದಲಿಯಿಂದಲೇ ಗುಂಡಿ ತೋಡಿದರು. ವಿಭೂತಿ ಹಚ್ಚಿ, ಕೇಸರಿ ಶಲ್ಯ ಸುತ್ತಿ, ಕೂರಿಸಿ ಮಣ್ಣು ಮಾಡಿದರು. ಅರ್ಧ ಲೇಔಟು ಭಜನೆ ಹೇಳಿತು. ಕಲ್ಲು ಹೊಡೆಯುತ್ತಿದ್ದವರೆಲ್ಲ ಇದ್ದರು, ಒಬ್ಬಾಕೆಯಂತೂ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂದಿತ್ತು. ಪಟಾಕಿಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಯಾಕೆ ನುಂಗಿದೆ ಎಂದು ಆಗ ನನಗೆ ನಾನೇ ಒಂದು ಕಾರಣ ಹೇಳಿಕೊಂಡೆ. ಸಾವಿನ ಮನೆಯಲ್ಲಿ ಜಗಳ ಬೇಡ ಎಂದು. ಅದು ಸರಿಯಾದ ಕಾರಣ ಅಲ್ಲ.

ಮೇಸ್ತ್ರಿ ತನ್ನ ಹಗ್ಗ, ಗೂಟ ಎಲ್ಲ ಸುತ್ತಿಕೊಂಡು, "ಅಕ್ಕಾರೆ, ನಾನು ಮಕ್ಕಳೊಂದಿಗ. ದೇವ್ರ ಗದ್ದಿಗೆ ಮೇಲೆ ಪಾಯ ತೋಡಾಕೆ ನನ್ ಕೈಲಿ ಆಗಲ್ಲ," ಎಂದು ಹೊರಟ. ಇನ್ನಿಬ್ಬರು ಮೇಸ್ತ್ರಿಗಳನ್ನು ಕೇಳಿದೆ. ಸುದ್ದಿ ನನಗಿಂತ ಮುಂಚೆ ಅವರಿಗೆ ಮುಟ್ಟಿತ್ತು.

ಹನ್ನೊಂದನೇ ದಿನಕ್ಕೆ ತಿಥಿ ಮಾಡಿದರು. ಪಾಯಸ, ಅನ್ನ, ಸಾರು, ಇಡೀ ಲೇಔಟಿಗೆ ಊಟ. ಮನೆಯವರ ಜಾಗದಲ್ಲಿ ನಾನು ಕೂರಬೇಕು ಎಂದು ಕರೆ ಕಳಿಸಿದರು. ಹೋಗಲಿಲ್ಲ. ಅದಾದ ಎರಡು ದಿನಕ್ಕೆ ನಾಲ್ಕು ಕಂಬ ನೆಟ್ಟು ತಗಡಿನ ಚಪ್ಪರ ಹಾಕಿದರು. ಕೇಸರಿ ಬಾವುಟ ಏರಿತು, ಆಂಜನೇಯನ ಪಟ ಬಂತು. ಮತ್ತೆ ಎರಡು ದಿನಕ್ಕೆ ಚಪ್ಪರದ ಸುತ್ತ ಟಾರ್ಪಲ್ ಹಾಸಿ ಸಾವ್ಕಾರ್ರ ಅಡಿಕೆ ಬಂದು ಬಿತ್ತು.

ನಾನು ಹೋಗಿ ಕೇಳಿದೆ.

"ದೇವ್ರ ಜಾಗ ಅಲ್ಲೇನ್ರಿ ಸಿಸ್ಟರ್, ನಾಕು ಜನಕ್ಕೆ ಉಪಯೋಗ ಆಗ್ಲಿ," ಎಂದರು. ಆ ನಾಲ್ಕು ಜನವೂ ಅವರೇ.

ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆ. ಪತ್ರ ಎಲ್ಲ ತಿರುವಿ ನೋಡಿ, "ಜಾಗ ನಿಮ್ಮದೇ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಆ ಚಪ್ಪರ ಕೀಳಾಕೆ ಒಬ್ಬ ಆಳು ಕರ್ಕಂಡು ಬರ್ರಿ ನೋಡಾನ," ಎಂದರು. ಸರಿಯಾಗೇ ಹೇಳಿದರು. ಅದಕ್ಕೂ ನನಗೆ ಸಿಟ್ಟೇ ಬಂತು. ನಾನು ಪ್ರತಿ ಶನಿವಾರ ಆಂಜನೇಯನ ಗುಡಿಗೆ ಹೋಗುವವಳು. ಆ ತಿಂಗಳು ಹೋಗಲಿಲ್ಲ. ಬೇಕಾದರೆ ನನ್ನ ಸೈಟಿನಲ್ಲೇ ಇದ್ದಾನಲ್ಲ, ಅಲ್ಲೇ ಬಂದು ಮಾತಾಡಲಿ ಎನ್ನುವಷ್ಟು ಕೋಪ.

ಚಪ್ಪರ ಆದ ಮೇಲೆ ದಿನಾ ಹಣ್ಣು ಇಡುವುದು ಶುರುವಾಯಿತು. ಹಣ್ಣು ಇಟ್ಟರೆ ಮಂಗಗಳು ಬರುವುದಿಲ್ಲವೇ? ಮೊದಲು ಎಂಟಿದ್ದದ್ದು ಮೂವತ್ತಾಯಿತು. ಅಡಿಕೆ ಚೆಲ್ಲಾಡಿದವು, ಟಾರ್ಪಲ್ ಹರಿದವು, ಒಣ ಹಾಕಿದ ಬಟ್ಟೆ ಎಳೆದುಕೊಂಡು ಹೋದವು. ಲೇಔಟಿನವರು ಸೇರಿ, ಸಾವ್ಕಾರ್ರ ಮುಂದಾಳತ್ವದಲ್ಲಿ, ಮಂಗ ಹಿಡಿಯುವವನನ್ನು ಕರೆಸಿದರು. ಅವನು ದೊಡ್ಡ ಬೋನು ತಂದ. ಎಲ್ಲಿಟ್ಟರು ಗೊತ್ತೇ? ಆಂಜನೇಯನ ಪಟದ ಎದುರಿಗೆ. ಒಳಗೆ ಹಾಕಿದ್ದು ಅದೇ ದೇವರಿಗೆ ಇಟ್ಟ ಬಾಳೆಹಣ್ಣು.

ಬೆಳಿಗ್ಗೆ ನಾನು ಹೋದಾಗ ಬೋನು ತುಂಬಿ, ಗಾಡಿಗೆ ಏರಿಸಿ ಆಗಿತ್ತು. ಜಗಳೂರು ಕಡೆಯ ಕುರುಚಲು ಕಾಡಿನಲ್ಲಿ ಬಿಟ್ಟು ಬರುತ್ತಾರಂತೆ. ಆ ಕಡೆಯ ಬೇಸಿಗೆ ನನಗೆ ಗೊತ್ತು. ಬೋನಿನ ಮೂಲೆಯಲ್ಲಿ ಒಂದು ಮರಿ ಸರಳು ಹಿಡಿದು ಕೂತಿತ್ತು, ಎಡಗಿವಿ ಸೀಳಿದ್ದು. ಅದೇ ಮರಿ. ತಾಯಿ ಬಿದ್ದ ದಿನ ಸಂಜೆಯವರೆಗೂ ಕಾಂಪೌಂಡಿನ ಮೇಲೆ ಅರಚುತ್ತಾ ಕೂತಿತ್ತು, ಆ ಕಿವಿಯನ್ನು ಆಗ ನೋಡಿದ್ದೆ.

ಸಾವ್ಕಾರ್ರು ಚಪ್ಪರದ ಮುಂದೆ ಊದುಬತ್ತಿ ಹಚ್ಚುತ್ತಿದ್ದರು.

"ಸತ್ತಿದ್ದು ದೇವ್ರು, ಬದುಕಿರೋದು ಗಾಡಿಗೆ, ಅಲ್ವಾ ಸಾವ್ಕಾರ್ರೆ?" ಎಂದೆ. "ಇವಳನ್ನ ಕೊಂದೋರು ಯಾರು ಅಂತ ಹೇಳ್ಲಾ? ಪಟಾಕಿ ಎಸೆದೋರು ನೀವು. ನಾನು ಕಣ್ಣಾರೆ ನೋಡೀನಿ. ಮಂಗ ಕೊಂದೋರ ಜಾಗದಾಗೆ ಗದ್ದಿಗೆ ಆಗ್ಬೇಕು, ನನ್ನ ಜಾಗದಾಗಲ್ಲ."

ಜನ ಸೇರಿದರು. ಆ ದಿನ ಪಟಾಕಿ ಸದ್ದು ಎಲ್ಲರೂ ಕೇಳಿದ್ದರು, ಯಾರ ಮನೆಯದು ಎಂದು ಯಾರೂ ನೋಡಿರಲಿಲ್ಲ. ಸಾವ್ಕಾರ್ರು ನಕ್ಕರು. "ಯಾರೋ ಹಚ್ಚಿದ್ದಕ್ಕೆ ನನ್ನ ಹೆಸ್ರು ಹೇಳ್ತೀರಲ್ರಿ."

"ಹಂಗಾದ್ರೆ ಕರ್ಪೂರ ಆರಿಸ್ರಿ. ನೀವೇ ಕಟ್ಟಿಸಿದ ದೇವ್ರ ಮುಂದೆ."

ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಪ್ರಮಾಣ ಮಾಡಿದರೆ ನಮ್ಮಲ್ಲಿ ಅದರ ಮೇಲೆ ಮಾತಿಲ್ಲ. ಸುಳ್ಳು ಪ್ರಮಾಣ ಮಾಡಿದವರ ಮನೆ ಉಳಿಯುವುದಿಲ್ಲ ಎಂಬ ಭಯ ಎಂಥವರಿಗೂ ಇರುತ್ತದೆ. ನಾನು ನಂಬಿದ್ದು ಆ ಭಯವನ್ನು. ಮೇಷ್ಟ್ರು ತಟ್ಟೆಯಲ್ಲಿ ಕರ್ಪೂರ ಹಚ್ಚಿ ಸಮಾಧಿಯ ಮೇಲಿಟ್ಟರು. ಸಾವ್ಕಾರ್ರು ತೋಳು ಏರಿಸಿ, "ನಾನು ಪಟಾಕಿ ಹಚ್ಚಿಲ್ಲ," ಎಂದು ಅಂಗೈ ಒತ್ತಿ ಆರಿಸಿಬಿಟ್ಟರು. ಕೈ ಅಲುಗಲಿಲ್ಲ. ಅಷ್ಟು ಜನರಲ್ಲಿ ಆ ದೇವರಿಗೆ ಕಿಂಚಿತ್ತೂ ಹೆದರದವರು ಯಾರಾದರೂ ಇದ್ದರೆ ಅದು ಆ ದೇವರನ್ನು ತಂದು ಕೂರಿಸಿದವರು ಎಂದು ನನಗೆ ಆಗ ಗೊತ್ತಾಯಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. ಇನ್ನೊಂದು ಬಿಲ್ಲೆ ತಾವೇ ಹಚ್ಚಿದರು.

"ಈಗ ನೀವು ಬರ್ರಿ ಸಿಸ್ಟರ್. ಅವತ್ತು ಇವನ್ನ ಓಡಿಸ್ರಿ ಅಂತ ಗಂಟ್ಲು ಹರ್ಕಂಡೋರು ಯಾರು? ನಾನಲ್ಲ ಅನ್ನಿ. ಆರಿಸ್ರಿ."

ಮೂವತ್ತು ವರ್ಷದಲ್ಲಿ ಎಂಥೆಂಥ ಹೊತ್ತಿನಲ್ಲೂ ನಡುಗದ ಕೈ. ರಕ್ತ ನೋಡಿ, ಹೆಣ ನೋಡಿ ನಡುಗದ ಕೈ. ಅದು ಮೇಲೇಳಲೇ ಇಲ್ಲ. ಪಟಾಕಿಯ ಮಾತನ್ನು ಒಂದು ತಿಂಗಳು ನುಂಗಿಕೊಂಡದ್ದು ಇದಕ್ಕೇ. ಅವರ ಪಟಾಕಿಯ ಬತ್ತಿ ನನ್ನ ಬಾಯಲ್ಲಿತ್ತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಕರ್ಪೂರ ತಾನಾಗಿ ಉರಿದು ಮುಗಿಯಿತು. ಸಾವ್ಕಾರ್ರ ಮುಖದ ಮೇಲಿನ ನಗು ಇವತ್ತಿಗೂ ನನಗೆ ಅನ್ನ ತಿನ್ನುವಾಗ ನೆನಪಾಗುತ್ತದೆ.

"ಹೌದು. ಓಡಿಸ್ರಿ ಅಂದೋಳು ನಾನೇ," ಎಂದೆ.

ಹೇಳಿದ ಮೇಲೆ ಹೆದರಿಕೆ ಹೋಯಿತು, ಸಿಟ್ಟು ಮಾತ್ರ ಉಳಿಯಿತು. ಆ ಸಿಟ್ಟಿನಲ್ಲೇ ಮಾತು ಬಂತು. ಮೇಷ್ಟ್ರ ಕಡೆ ತಿರುಗಿದೆ.

"ಪಾಪ ನನ್ನದು ಅಂತ ಒಪ್ಕಂಡೆ ಸರ್. ನೀರು ಬಿಟ್ಟೋಳೂ ನಾನೇ, ಮನೆಯೋಳು ನಾನೇ ಅಂತ ನೀವೇ ಹೇಳೀರಿ. ಅಂದ್ಮೇಲೆ ಸತ್ತೋಳು ನಮ್ಮ ಮನೆಯೋಳು. ನಮ್ಮ ಮನೆಯೋಳನ್ನ ಬಯಲಾಗೆ ಬಿಟ್ಟು, ಸುತ್ತ ಮಂದಿ ಅಡಿಕೆ ಒಣಗ್ಸೋದನ್ನ ನೋಡ್ತಾ ಕುಂತ್ಕಳ್ಲಾ? ಇವಳ ಸುತ್ತ ಗೋಡೆ ಕಟ್ತೀನಿ. ಮೇಲೆ ತಾರಸಿ ಹಾಕ್ತೀನಿ. ದೀಪ ಹಚ್ಚೋಳು ನಾನು. ಇದು ತಪ್ಪು ಅಂತ ಯಾವ ರಿವಾಜಿನಾಗೆ ಐತೆ, ಹೇಳ್ರಿ."

ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. "ತಪ್ಪೇನಿಲ್ಲಮ್ಮ. ಮನೆಯೋರು ನೋಡ್ಕಂತೀನಿ ಅಂದ್ರೆ ಬ್ಯಾಡ ಅನ್ನಾಕೆ ಬರಲ್ಲ," ಎಂದರು. ಕೂಡಿದ್ದವರು ತಲೆ ಬಗ್ಗಿಸಿದರು. ಸಾವ್ಕಾರ್ರು, "ಅಲ್ರಿ ಮೇಷ್ಟ್ರೆ," ಎಂದು ಶುರು ಮಾಡಿ, ಏರಿಸಿದ ತೋಳನ್ನು ಇಳಿಸಿಕೊಂಡರು. ನಗು ಹೋಗಿತ್ತು. ನಾನು ನಿಂತ ಜಾಗದಿಂದಲೇ, ಟಾರ್ಪಲ್ ಎತ್ತಿಸ್ರಿ, ಸಂಜೆಯೊಳಗೆ ಒಂದು ಕಾಳು ಅಡಿಕೆ ಇಲ್ಲಿರಬಾರದು ಎಂದೆ. ಎತ್ತಿಸುವವರೆಗೂ ಅಲ್ಲೇ ಕಾವಲು ನಿಂತೆ. ಕೊನೆಯ ಚೀಲ ಆಚೆ ಹೋದಾಗ ಮೈಯೆಲ್ಲ ಹಗುರಾಗಿತ್ತು.

ಆಗ ಬೋನು ನೆನಪಾಯಿತು. ತಿರುಗಿ ನೋಡಿದೆ. ಗಾಡಿ ಹೋಗಿ ಎಷ್ಟು ಹೊತ್ತಾಗಿತ್ತೋ. ನನ್ನ ಮಾತಿಗೆ ಎಲ್ಲರೂ ತಲೆ ಬಗ್ಗಿಸಿದ್ದ ಆ ಗಳಿಗೆಯಲ್ಲಿ ಬಾಗಿಲು ತೆಗೆಯಿರಿ ಎಂದಿದ್ದರೆ ತೆಗೆಯುತ್ತಿದ್ದರು. ನಾನು ಕೇಳಿದ್ದು ಜಾಗವನ್ನು.

ಮನೆ ಆಯಿತು. ಅದೇ ಮೇಸ್ತ್ರಿ ಬಂದು, ಸಮಾಧಿಗೆ ಮೂರು ಸಲ ಕೈಮುಗಿದು, ಪಾಯ ತೋಡಿದ. ಅಡುಗೆಮನೆಯ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಒಂದು ಸಣ್ಣ ಕಟ್ಟೆ ಇದೆ. ಹೊಸಬರು ಅದನ್ನು ನೋಡಿ, ಆಮೇಲೆ ನನ್ನ ಮುಖ ನೋಡುತ್ತಾರೆ. ಶನಿವಾರ ಸಂಜೆ ಒಂದು ಗಂಟೆ ಹೊತ್ತು ಬಾಗಿಲು ತೆರೆದಿಡುತ್ತೇನೆ, ಬರುವವರು ಕಾಲು ತೊಳೆದು ಬರಬೇಕು. ಸಾವ್ಕಾರ್ರ ಹೆಂಡತಿ ತಪ್ಪದೆ ಬರುತ್ತಾರೆ. ಸಾವ್ಕಾರ್ರು ಒಂದೇ ಸಲ ಬಂದರು, ಮಗಳ ಮದುವೆಯ ಮೊದಲ ಲಗ್ನಪತ್ರಿಕೆ ದೇವರ ಮುಂದೆ ಇಡಲು. ಹೊಸ್ತಿಲ ಆಚೆ ನಿಂತು, "ಒಳಗೆ ಬರಬಹುದೇನ್ರಿ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲಿ ಎಂದು ಕಿವಿ ಕೇಳಿಸದವಳ ಹಾಗೆ ನಿಂತೆ. ಎರಡನೇ ಸಲ ಕೇಳಿದ ಮೇಲೆ ಬಿಟ್ಟೆ. ಜೇಬಿನಿಂದ ಕರ್ಪೂರ ತೆಗೆದರು. ಇಲ್ಲಿ ಕರ್ಪೂರ ಹಚ್ಚುವುದಿಲ್ಲ, ಎಣ್ಣೆ ದೀಪ ಮಾತ್ರ ಎಂದೆ. ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಈಗ ಅವರ ಅಡಿಕೆ ಅವರದೇ ತಾರಸಿಯ ಮೇಲೆ ಒಣಗುತ್ತದೆ. ಒಂದೆರಡು ಬೇಸಿಗೆ ಲೇಔಟಿನಲ್ಲಿ ಮಂಗ ಇರಲಿಲ್ಲ. ಈ ವರ್ಷ ಉಬ್ರಾಣಿ ಕಡೆಯಿಂದಲೋ ಎಲ್ಲಿಂದಲೋ ಹೊಸ ಗುಂಪು ಬಂದಿದೆ. ಮೊನ್ನೆ ನನ್ನ ತಾರಸಿಯ ಮೇಲೆ ಸಂಡಿಗೆ ಹಾಕಿದ್ದೆ, ಬೆಳಿಗ್ಗೆ ಐದಕ್ಕೆ ಎದ್ದು ಕಾಯಿಸಿ ಕಲಸಿ ಮಾಡಿದ ಸಂಡಿಗೆ. ಹತ್ತು ಗಂಟೆಗೆ ಮೆಟ್ಟಿಲು ಹತ್ತಿದರೆ, ಹೊಟ್ಟೆಗೆ ಮರಿ ಕಚ್ಚಿಕೊಂಡ ಒಂದು ಹೆಣ್ಣು ನಡುವೆ ಕೂತು ಹಸಿ ಸಂಡಿಗೆ ನೆಕ್ಕುತ್ತಿತ್ತು. ನನ್ನನ್ನು ನೋಡಿ ಹಲ್ಲು ಕಿರಿಯಿತು. ಪಕ್ಕದ ತಾರಸಿಯಲ್ಲಿ ಸಾವ್ಕಾರ್ರು ನಿಂತಿದ್ದರು, ಕೈಯಲ್ಲಿ ಪಟಾಕಿ ಸರ. ನನ್ನನ್ನೇ ನೋಡುತ್ತಿದ್ದರು, ಒಂದು ಮಾತು ಬರಲಿ ಎಂದು.

ನಾನು ಮಾತಾಡಲಿಲ್ಲ. ಮೊದಲು ಕಂಬ ಎಲ್ಲಿದೆ ನೋಡಿದೆ. ಆಮೇಲೆ ಕಂಬಕ್ಕೆ ಬೆನ್ನು ಹಾಕಿ ನಿಂತು, ಬಟ್ಟೆ ಒಣ ಹಾಕುವ ಕೋಲು ಎತ್ತಿಕೊಂಡು, ಬಾಯಿಗೆ ಬಂದ ಹಾಗೆ ಬೈಯುತ್ತಾ, ತಂತಿ ಇಲ್ಲದ ಕಡೆಗೆ ಓಡಿಸಿದೆ.